ಎರಡನೇ ವರ್ಷದ ಭಯಕ್ಕೆ ಬೆಲೆ ಎಷ್ಟು?

ಸ್ಮಾರ್ಟ್‌ವಾಚ್ ಕೊಳ್ಳುವ ಮುನ್ನ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಯೂಟ್ಯೂಬಿನಲ್ಲಿ ಹತ್ತಾರು ವಿಡಿಯೊ ನೋಡಿ, ಆಫೀಸಿನ ಗೆಳೆಯರನ್ನು ಕೇಳಿ, ದಸರಾ-ದೀಪಾವಳಿಯ ಆಫರಿಗೆ ಕಾದು, ಕೊನೆಗೊಂದು ದಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಬಿಲ್ಲಿಂಗ್ ಕೌಂಟರಿನ ಮುಂದೆ, ಅರ್ಧ ನಿಮಿಷದಲ್ಲಿ ತೀರ್ಮಾನಿಸಬೇಕಾದ ಇನ್ನೊಂದು ವ್ಯಾಪಾರ ಎದುರಾಗುತ್ತದೆ. ‘ಸರ್, ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಲಾ? ಮೂರೇ ಸಾವಿರ. ಇನ್ನೊಂದು ವರ್ಷ ಟೆನ್ಶನ್ನೇ ಇರಲ್ಲ.’ ಕಾರ್ಡು ಆಗಲೇ ಕೈಯಲ್ಲಿದೆ. ಹಿಂದೆ ನಾಲ್ಕು ಜನ ನಿಂತಿದ್ದಾರೆ. ಮೂವತ್ತು ಸಾವಿರಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಬಂದವರಿಗೆ ಮೂರು ಸಾವಿರ ದೊಡ್ಡ ಮೊತ್ತ ಅನ್ನಿಸುವುದಿಲ್ಲ. ಕೇಳುವ ಹುಡುಗನಿಗೂ ಇದು ಗೊತ್ತು. ಅವನನ್ನು ಬೈದು ಪ್ರಯೋಜನವಿಲ್ಲ; ಇಂತಿಷ್ಟು ವಾಚಿಗೆ ಇಂತಿಷ್ಟು ವಾರಂಟಿ ‘ಅಟ್ಯಾಚ್’ ಮಾಡಿಸಬೇಕೆಂಬುದು ಅವನ ತಿಂಗಳ ಟಾರ್ಗೆಟ್.

ಬಹುಪಾಲು ಮಂದಿ ಇದಕ್ಕೆ ‘ಬೇಡ’ ಎನ್ನುವುದೇ ಸರಿ. ಅಂಗಡಿಯವರಿಗೆ ಇದರಲ್ಲಿ ಲಾಭ ಜಾಸ್ತಿ ಎಂಬ ಮಾಮೂಲಿ ಕಾರಣ ಸಾಲದು, ಲಾಭ ಇಲ್ಲದೆ ಯಾರೂ ಏನನ್ನೂ ಮಾರುವುದಿಲ್ಲ. ಗಟ್ಟಿ ಕಾರಣ ವಾಚಿನ ಒಳಗೇ ಇದೆ. ಮಣಿಕಟ್ಟಿನ ಮೇಲಿರುವ ಈ ಯಂತ್ರ ಹೇಗೆ ಕೆಡುತ್ತದೆ, ಎಕ್ಸ್‌ಟೆಂಡೆಡ್ ವಾರಂಟಿಯ ಕಾಗದ ಯಾವ ಕೇಡಿಗೆ ಹೊಣೆ ಹೊರುತ್ತದೆ ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡಕ್ಕೂ ಹೊಂದಾಣಿಕೆಯೇ ಆಗುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅಂಗಡಿಯಲ್ಲಿ ‘ಪ್ರೊಟೆಕ್ಷನ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸರಕು ಮಾರುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ ಎಂದರೆ ಕಂಪನಿ ಮೊದಲ ವರ್ಷ ಕೊಡುವ ಭರವಸೆಯನ್ನೇ ಇನ್ನೊಂದೆರಡು ವರ್ಷ ಎಳೆಯುವುದು. ತಯಾರಿಕೆಯ ದೋಷಕ್ಕಷ್ಟೇ ಅದು ಅನ್ವಯ. ಆಪಲ್‌ಕೇರ್ ಪ್ಲಸ್, ಸ್ಯಾಮ್‌ಸಂಗ್ ಕೇರ್ ಪ್ಲಸ್ ಥರದವು, ಅಂಗಡಿಯವರು ‘ಆಕ್ಸಿಡೆಂಟಲ್ ಅಂಡ್ ಲಿಕ್ವಿಡ್ ಡ್ಯಾಮೇಜ್’ ಎನ್ನುವ ಪ್ಲಾನುಗಳು ಬೇರೆ ಜಾತಿ. ಬಿದ್ದರೆ, ಒಡೆದರೆ, ನೀರು ಹೋದರೆ ನೋಡಿಕೊಳ್ಳುತ್ತೇವೆ ಎನ್ನುವಂಥವು ಇವು. ‘ವಾಚ್ ಒಡೆದುಹೋದರೂ ಕೊಡ್ತಾರೆ’ ಎಂದುಕೊಂಡು ಮೊದಲನೆಯದನ್ನು ಕೊಂಡು ಬರುವವರೇ ಹೆಚ್ಚು.

ಈಗ ವಾಚಿಗೆ ಬರೋಣ. ಎಲೆಕ್ಟ್ರಾನಿಕ್ ವಸ್ತುಗಳು ಯಾವಾಗ ಕೆಡುತ್ತವೆ ಎಂಬುದಕ್ಕೆ ಎಂಜಿನಿಯರುಗಳು ಒಂದು ನಕ್ಷೆ ಬರೆಯುತ್ತಾರೆ. ಸ್ನಾನದ ತೊಟ್ಟಿಯನ್ನು ಅಡ್ಡಕ್ಕೆ ಸೀಳಿದ ಆಕಾರ ಅದಕ್ಕೆ. ತಯಾರಿಕೆಯ ಕೊರತೆ ಇರುವ ತುಣುಕುಗಳು ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿಯೇ ಕೈಕೊಡುತ್ತವೆ. ಅಲ್ಲಿ ಗೆರೆ ಎತ್ತರದಲ್ಲಿರುತ್ತದೆ. ಆಮೇಲೆ ಕೆಳಗಿಳಿದು ಬಹುಕಾಲ ಸಮತಟ್ಟಾಗಿ ಸಾಗಿ, ವಸ್ತು ಸವೆಯುವ ಕಾಲಕ್ಕೆ ಮತ್ತೆ ಏರುತ್ತದೆ. ಮೊದಲ ಏರನ್ನು ಕಂಪನಿಯ ಒಂದು ವರ್ಷದ ವಾರಂಟಿಯೇ ನುಂಗುತ್ತದೆ. ಕೊನೆಯ ಏರನ್ನು ‘ಬಳಕೆಯ ಸವೆತ’ ಎಂದು ಬರೆದು ಎಕ್ಸ್‌ಟೆಂಡೆಡ್ ವಾರಂಟಿ ಕೈಬಿಡುತ್ತದೆ. ನಾವು ದುಡ್ಡು ಕೊಡುವುದು ನಡುವಿನ ತಗ್ಗಿಗೆ, ಕೆಡುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ ಇರುವ ಕಾಲಕ್ಕೆ.

ಹಾಗಾದರೆ ಸ್ಮಾರ್ಟ್‌ವಾಚಿಗೆ ನಿಜವಾಗಿ ಏನಾಗುತ್ತದೆ? ಗಾಜು ಬಾಗಿಲ ಚೌಕಟ್ಟಿಗೆ, ಬಸ್ಸಿನ ಕಂಬಿಗೆ, ಜಿಮ್ಮಿನ ಡಂಬೆಲ್ಲಿಗೆ ತಗುಲುತ್ತದೆ. ಇದು ‘ಫಿಸಿಕಲ್ ಡ್ಯಾಮೇಜ್’, ವಾರಂಟಿಯ ಹೊರಗೆ. ಎರಡನೆಯದು ನೀರು. ಇದರ ಕತೆ ಸ್ವಲ್ಪ ಉದ್ದ.

ಡಬ್ಬದ ಮೇಲೆ ‘50 ಮೀಟರ್’ ಅಥವಾ ‘5 ಎಟಿಎಂ’ ಎಂದಿರುತ್ತದೆ. ಐಎಸ್‌ಒ 22810 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೊಸ ವಾಚು ಪ್ರಯೋಗಾಲಯದಲ್ಲಿ ಅಷ್ಟು ಒತ್ತಡ ತಾಳಿಕೊಂಡಿತು ಎಂಬುದಷ್ಟೇ ಅದರ ಅರ್ಥ. ಐವತ್ತು ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಸ್ಕೂಬಾ ಡೈವಿಂಗಿಗೆ ಹೊರಟವರು ಅಂಥ ವಾಚನ್ನು ದಡದಲ್ಲೇ ಬಿಟ್ಟುಹೋಗುವುದು ಒಳ್ಳೆಯದು. ಐಪಿ68 ಎಂಬ ಗುರುತಿಗೂ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಅಲ್ಲಿ ಶಾಂಪೂ ಇಲ್ಲ, ಸಮುದ್ರದ ಉಪ್ಪಿಲ್ಲ. ನಮ್ಮ ಬಚ್ಚಲುಮನೆಯಲ್ಲಿ ಇರುವುದು ಬಿಸಿನೀರು, ಹಬೆ, ಸೋಪು. ವಾಚಿನ ಅಂಚಿನಲ್ಲಿ ನೀರನ್ನು ತಡೆದು ನಿಂತಿರುವುದು ತೆಳ್ಳನೆಯ ರಬ್ಬರ್ ಸೀಲು ಮತ್ತು ಅಂಟು. ಬಿಸಿಯಾಗಿ ತಣ್ಣಗಾಗಿ, ಬೆವರಿನಲ್ಲಿ ನೆನೆದು, ಒಂದೆರಡು ಸಲ ನೆಲಕ್ಕೆ ಬಿದ್ದು ಅವು ಸಡಿಲವಾಗುತ್ತವೆ. ನೀರು ತಡೆಯುವ ಗುಣ ಶಾಶ್ವತವಲ್ಲ, ಕಾಲಕ್ರಮದಲ್ಲಿ ಕುಗ್ಗಬಹುದು ಎಂದು ಆಪಲ್ ಕಂಪನಿ ತಾನೇ ಬರೆದುಕೊಂಡಿದೆ. ಈಜುಕೊಳದ ಚಿತ್ರ ಹಾಕಿ ಮಾರಿದ ವಾಚಿನೊಳಗೆ ಎರಡನೇ ವರ್ಷ ತೇವ ಸೇರಿತು ಅನ್ನಿ. ಸರ್ವಿಸ್ ಸೆಂಟರಿನವನು ತೇವದ ಗುರುತು ಕಂಡ ಕೂಡಲೇ ‘ಲಿಕ್ವಿಡ್ ಡ್ಯಾಮೇಜ್’ ಎಂದು ಬರೆದು ಮುಗಿಸುತ್ತಾನೆ. ಜಾಹೀರಾತು ನೀರಿಗಿಳಿಸುತ್ತದೆ, ಷರತ್ತು ಒರೆಸಿಕೊಂಡು ಹೋಗೆನ್ನುತ್ತದೆ.

ಮೂರನೆಯದು ಬ್ಯಾಟರಿ. ಫೋನಿನಲ್ಲಿ ಐದು ಸಾವಿರ ಎಂಎಎಚ್ ಇದ್ದರೆ ವಾಚಿನಲ್ಲಿ ಮುನ್ನೂರು-ನಾನೂರರ ಆಸುಪಾಸು. ದಿನವೂ ಚಾರ್ಜ್ ಬೇಡುವ ವಾಚಾದರೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಸಲ ತುಂಬಿ ಬರಿದಾಗುತ್ತದೆ. ಸಾವಿರ ಪೂರ್ಣ ಚಾರ್ಜುಗಳ ನಂತರವೂ ಶೇ 80ರಷ್ಟು ಸಾಮರ್ಥ್ಯ ಉಳಿಯುವಂತೆ ಬ್ಯಾಟರಿ ರೂಪಿಸಿದ್ದೇವೆ ಎನ್ನುತ್ತದೆ ಆಪಲ್. ಅಂದರೆ ಸುಮಾರು ಮೂರು ವರ್ಷ. ವಾರಂಟಿ ಎರಡನೇ ವರ್ಷಕ್ಕೆ ಮುಗಿಯುತ್ತದೆ, ಬ್ಯಾಟರಿ ಏದುಸಿರು ಬಿಡುವುದು ಮೂರನೆಯದರಲ್ಲಿ. ಮೊದಲೇ ಸುಸ್ತಾದರೂ ‘ಬ್ಯಾಟರಿ, ಪಟ್ಟಿ, ಚಾರ್ಜರ್ ಅನ್ವಯಿಸುವುದಿಲ್ಲ’ ಎಂಬ ಸಾಲು ಬಹಳಷ್ಟು ಪ್ಲಾನುಗಳಲ್ಲಿ ಇದ್ದೇ ಇರುತ್ತದೆ. ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸಿಕೊಡುವ ಆಪಲ್‌ಕೇರ್ ಪ್ಲಸ್‌ನಂಥವು ಅಪವಾದ.

ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಬಿಲ್ಲಿನವನ್ನು ನೀವು ಹಾಕಿಕೊಳ್ಳಿ. ವಾಚಿಗೆ 30,000 ರೂಪಾಯಿ, ಎರಡನೇ ವರ್ಷದ ವಾರಂಟಿಗೆ 3,000. ರಿಪೇರಿ ಆಗದಿದ್ದರೆ ‘ಸವಕಳಿ’ ಕಳೆದು ಹಣ ಕೊಡುತ್ತೇವೆ ಎಂದು ಷರತ್ತಿನಲ್ಲಿ ಇರುತ್ತದೆ. ಎರಡನೇ ವರ್ಷಕ್ಕೆ ಶೇ 40 ಸವಕಳಿ ಎಂದಿಟ್ಟುಕೊಂಡರೆ ಹೆಚ್ಚೆಂದರೆ ಕೈಗೆ ಬರುವುದು 18,000. ಕೊಟ್ಟ ದುಡ್ಡು ಗಿಟ್ಟಬೇಕಾದರೆ ಪ್ರತಿ ಆರು ವಾಚಿನಲ್ಲಿ ಒಂದು, ಅದೂ ಎರಡನೇ ವರ್ಷದಲ್ಲೇ, ಅದೂ ತಯಾರಿಕೆಯ ದೋಷದಿಂದಲೇ, ಪೂರ್ತಿ ಸಾಯಬೇಕು. ಅಷ್ಟು ಕೆಡುವ ವಾಚಾಗಿದ್ದರೆ ವಾರಂಟಿ ಮಾತು ಹಾಗಿರಲಿ, ವಾಚನ್ನೇ ಕೊಳ್ಳಬಾರದು.

ಲೆಕ್ಕ ಇಷ್ಟು ಸರಳವಿದ್ದರೂ ಜನ ಏಕೆ ಕೊಳ್ಳುತ್ತಾರೆ? ಸಣ್ಣ ನಷ್ಟದ ಭಯಕ್ಕೆ ಮನುಷ್ಯ ಅತಿ ಹೆಚ್ಚು ಬೆಲೆ ತೆರುತ್ತಾನೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಮೆರಿಕದ ಜಸ್ಟಿನ್ ಸಿಡ್ನರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆ ವಿಮೆ ಮಾಡಿಸಿದವರ ಲೆಕ್ಕ ತೆಗೆದರು. ಅವಘಡವಾದಾಗ ತಮ್ಮ ಕೈಯಿಂದ ಹಾಕಬೇಕಾದ 1,000 ಡಾಲರನ್ನು 500ಕ್ಕೆ ಇಳಿಸಿಕೊಳ್ಳಲು ಗ್ರಾಹಕರು ವರ್ಷಕ್ಕೆ ಸುಮಾರು 100 ಡಾಲರ್ ಹೆಚ್ಚು ಕೊಡುತ್ತಿದ್ದರು. ಸರಾಸರಿಯಲ್ಲಿ ಅದರಿಂದ ಆಗುತ್ತಿದ್ದ ಉಪಯೋಗ 25 ಡಾಲರಿಗೂ ಕಡಿಮೆ. ಮನೆ ಸುಟ್ಟುಹೋದರೆ ಜೀವನ ಬುಡಮೇಲಾಗುತ್ತದೆ, ಅದಕ್ಕೆ ವಿಮೆ ಬೇಕು. ವಾಚು ಕೆಟ್ಟರೆ ಬೇಸರವಾಗುತ್ತದೆ, ಅಷ್ಟೆ.

ಒಂದು ಇಡೀ ಬ್ಯಾಚೇ ದೋಷಪೂರಿತವಾಗಿ ಬಂದಿದ್ದರೆ? ಅಂಥ ದೊಡ್ಡ ಪ್ರಕರಣಗಳಲ್ಲಿ ಕಂಪನಿಗಳು ವಾರಂಟಿ ಕಾಗದ ಕೇಳದೆಯೇ ಮುಂದೆ ಬಂದ ನಿದರ್ಶನಗಳಿವೆ. 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ತಯಾರಾದ 40 ಮಿಲಿಮೀಟರಿನ ಕೆಲವು ಆಪಲ್ ವಾಚ್ ಸೀರೀಸ್ 6ರ ಪರದೆ ಶಾಶ್ವತವಾಗಿ ಕಪ್ಪಾಗುತ್ತಿತ್ತು. ಕೊಂಡ ಎರಡು ವರ್ಷದವರೆಗೆ ಅವನ್ನು ಆಪಲ್ ಉಚಿತವಾಗಿ ಸರಿಪಡಿಸಿಕೊಟ್ಟಿತು. ಫಿಟ್‌ಬಿಟ್ ಅಯಾನಿಕ್ ವಾಚಿನ ಬ್ಯಾಟರಿ ಕಾದು ಕೈ ಸುಟ್ಟ ದೂರುಗಳು ಬಂದಾಗ 2022ರ ಮಾರ್ಚಿನಲ್ಲಿ ಆ ವಾಚುಗಳನ್ನೆಲ್ಲ ವಾಪಸು ಕರೆಸಿ 299 ಡಾಲರ್ ಹಿಂದಿರುಗಿಸುವುದಾಗಿ ಕಂಪನಿ ಹೇಳಿತು.

ಇದಕ್ಕೆ ಉಲ್ಟಾ ಕತೆ ಪೆಬಲ್‌ನದು. 2012ರಲ್ಲಿ ಜನರಿಂದಲೇ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿ ಸ್ಮಾರ್ಟ್‌ವಾಚಿನ ಹುಚ್ಚು ಹಿಡಿಸಿದ ಕಂಪನಿ ಅದು. 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿ ಫಿಟ್‌ಬಿಟ್‌ಗೆ ತನ್ನ ತಂತ್ರಾಂಶ ಮಾರಿಕೊಂಡಿತು. ಅಂದಿನಿಂದಲೇ ವಾರಂಟಿ ಸೇವೆಯೂ ನಿಂತಿತು. ವಾರಂಟಿ ಬರೆದುಕೊಟ್ಟವರು ಇರುವ ತನಕ ಮಾತ್ರ ಅದಕ್ಕೆ ಬೆಲೆ. ವಾಚು ಮಾರಿದ್ದು ಒಬ್ಬರು, ಪ್ಲಾನು ಮೂರನೆಯವರದು, ರಿಪೇರಿ ನಾಲ್ಕನೆಯವರದು ಎಂಬ ಸರಪಳಿ ನಮ್ಮ ಮಾರುಕಟ್ಟೆಯಲ್ಲಿ ಮಾಮೂಲು. ಒಂದು ಕೊಂಡಿ ಕಳಚಿದರೆ ಗ್ರಾಹಕ ಒಬ್ಬರಿಂದ ಇನ್ನೊಬ್ಬರಿಗೆ ಅಲೆಯಬೇಕು.

ಬೆಂಗಳೂರಿನ ಹಿರಿಯರಿಗೆ ಈ ಇಡೀ ಚರ್ಚೆಯೇ ವಿಚಿತ್ರವಾಗಿ ಕಾಣಬಹುದು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಇಲ್ಲೇ ಶುರುವಾದ ಎಚ್‌ಎಂಟಿ ಕೈಗಡಿಯಾರಗಳನ್ನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಫುಟ್‌ಪಾತಿನ ರಿಪೇರಿಯವನು ಬಿಚ್ಚಿ, ಎಣ್ಣೆ ಬಿಟ್ಟು, ಮುಚ್ಚಿ ಕೊಡುತ್ತಿದ್ದ. ಅಂಟು ಹಾಕಿ ಮುಚ್ಚಿದ ಸ್ಮಾರ್ಟ್‌ವಾಚನ್ನು ಅವನ ಮುಂದಿಟ್ಟರೆ ಕೈ ಮುಗಿಯುತ್ತಾನೆ. ಸರ್ವಿಸ್ ಸೆಂಟರಿನಲ್ಲೂ ಎಷ್ಟೋ ಸಲ ರಿಪೇರಿ ಎಂದರೆ ಇಡೀ ವಾಚು ಬದಲಿಸುವುದೇ. ರಿಪೇರಿ ಅಸಾಧ್ಯವಾದಲ್ಲಿ ವಾರಂಟಿ ವ್ಯಾಪಾರ ಕೊಬ್ಬುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿದೆ. ವಾಚಿನ ಬೆನ್ನು ಬಿಚ್ಚುವುದು ಅದರಿಂದೇನೂ ಸುಲಭವಾಗಿಲ್ಲ.

ಆನ್‌ಲೈನ್ ಖರೀದಿಯಲ್ಲಿ ಕೌಂಟರಿನ ಹುಡುಗನ ಜಾಗದಲ್ಲಿ ಒಂದು ಟಿಕ್ ಗುರುತು ಇರುತ್ತದೆ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಕೇಳದೆಯೇ ಬುಟ್ಟಿಗೆ ಸರಕು ಸೇರಿಸುವುದು, ಬೇಡ ಎನ್ನುವವರನ್ನು ನಾಚಿಸುವುದು ಅದರ ಹದಿಮೂರು ತಂತ್ರಗಳ ಪಟ್ಟಿಯಲ್ಲಿವೆ. ಬ್ರಿಟನ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 2005ರ ಆದೇಶದ ಪ್ರಕಾರ ಗೃಹಬಳಕೆಯ ವಿದ್ಯುತ್ ಉಪಕರಣಗಳ ಪಕ್ಕದಲ್ಲೇ ಎಕ್ಸ್‌ಟೆಂಡೆಡ್ ವಾರಂಟಿಯ ಬೆಲೆ ತೋರಿಸಬೇಕು, ಕೊಂಡವರಿಗೆ 45 ದಿನಗಳೊಳಗೆ ರದ್ದು ಮಾಡುವ ಹಕ್ಕಿರುತ್ತದೆ. ಕೌಂಟರಿನ ಆ ಅರ್ಧ ನಿಮಿಷದ ಒತ್ತಡಕ್ಕೆ ಇದೇ ಮದ್ದು. ನಮ್ಮಲ್ಲೂ ಬರಲಿ.

ಹಾಗೆಂದು ಎಲ್ಲರೂ ಎಲ್ಲಕ್ಕೂ ಬೇಡ ಎನ್ನಬೇಕಿಲ್ಲ. ಅಪಘಾತದ ಪ್ಲಾನು ಕೆಲವರಿಗೆ ಒಪ್ಪುತ್ತದೆ. ಎಂಬತ್ತು ಸಾವಿರದ ವಾಚು ಕಟ್ಟಿಕೊಂಡು ಬೆಟ್ಟ ಹತ್ತುವವರು, ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಕೈಯಿಂದ ವಸ್ತು ಜಾರುವುದೇ ಅಭ್ಯಾಸವಾದವರು ಯೋಚಿಸಬಹುದು. ಪ್ರತಿ ರಿಪೇರಿಗೂ ಬೇರೆ ಶುಲ್ಕ ಕಟ್ಟಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಂಡರಾಯಿತು. ಮೈಸೂರಿನಲ್ಲೋ ಶಿರಸಿಯಲ್ಲೋ ಒಬ್ಬರೇ ಇರುವ ತಂದೆ-ತಾಯಿಗೆ, ಬಿದ್ದರೆ ಫೋನು ಮಾಡುವ ವಾಚು ಕೊಡಿಸಿದ್ದರೆ ಅಲ್ಲಿ ಮುಖ್ಯ ಹಣವಲ್ಲ, ವಾಚು ಇಲ್ಲದ ದಿನಗಳು. ಬೇಗ ಬದಲಿ ಕೊಡುವ ಪ್ಲಾನಿಗೆ ದುಡ್ಡು ಕೊಡುವುದು ದಂಡವಲ್ಲ. ಆ ವಾಚನ್ನು ಅಮೆರಿಕದಿಂದ ಮಗ ತಂದುಕೊಟ್ಟಿದ್ದರೆ ಮೊದಲು ವಿಚಾರಿಸಿ, ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಸೀಮಿತ. ಎರಡು ಸಾವಿರದ ವಾಚಿಗೆ ವಾರಂಟಿ ಕೇಳಿದರೆ ಮಾತ್ರ ನಕ್ಕು ಮುಂದೆ ಹೋಗಿ.

ಕೊಳ್ಳಲೇಬೇಕೆಂದರೆ ದುಡ್ಡು ಕೊಡುವ ಮುಂಚೆ ಷರತ್ತಿನ ಪ್ರತಿ ಕೇಳಿ. ‘ಮೇಲ್ ಬರುತ್ತೆ ಸರ್’ ಎಂದರೆ ಮೇಲ್ ಬಂದ ಮೇಲೆ ದುಡ್ಡು. ಅದರಲ್ಲಿ ಸವಕಳಿಯ ಪಟ್ಟಿ ಹುಡುಕಿ. ಪರಿಹಾರ ನಗದೋ, ಅದೇ ಅಂಗಡಿಯ ವೋಚರೋ ನೋಡಿ. ಹೊಣೆ ಹೊತ್ತ ಕಂಪನಿ ಯಾವುದು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿ. ವಾರಂಟಿ ಬೇಡವೆಂದವರಿಗೂ ಒಂದು ಕೆಲಸವಿದೆ: ಹನ್ನೊಂದನೇ ತಿಂಗಳಲ್ಲಿ ವಾಚನ್ನು ಚೆನ್ನಾಗಿ ಪರೀಕ್ಷಿಸಿ, ಬ್ಯಾಟರಿ ಬೇಗ ಇಳಿಯುತ್ತಿದ್ದರೆ, ಗುಂಡಿ ಅಂಟಿಕೊಳ್ಳುತ್ತಿದ್ದರೆ, ಇರುವ ವಾರಂಟಿಯಲ್ಲೇ ಲಿಖಿತ ದೂರು ಕೊಡಿ. ಕಂಪನಿ ಕೈತೊಳೆದುಕೊಂಡರೆ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

ಇನ್ನೊಂದು ವಿಷಯವನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ತಯಾರಕರದೇ ಪ್ಲಾನುಗಳನ್ನು ವಾಚು ಕೊಂಡ ಮೇಲೂ ಕೆಲ ಕಾಲ ಕೊಳ್ಳಲು ಅವಕಾಶವಿರುವುದುಂಟು. ಆಪಲ್ ನಮ್ಮಲ್ಲಿ 60 ದಿನ ಕೊಡುತ್ತದೆ. ಬಿಲ್ಲು ಮಾಡಿಸಿ, ವಾಚು ಕಟ್ಟಿಕೊಂಡು ಒಂದೂವರೆ ತಿಂಗಳು ಓಡಾಡಿ. ಆಮೇಲೆ ಗಾಜನ್ನು ಬೆಳಕಿಗೆ ಹಿಡಿದು ಎಷ್ಟು ಗೀರು ಬಿದ್ದಿದೆ ನೋಡಿಕೊಂಡು ತೀರ್ಮಾನಿಸಿ.