ಗಣಕಯಂತ್ರದ ಮರೆತ ಸಾಲ

ಗ್ರಂಥಭಂಡಾರದಿಂದ ಪುಸ್ತಕವೊಂದನ್ನು ಎರವಲು ತಂದ ವಿದ್ಯಾರ್ಥಿ ಅದನ್ನು ಎಲ್ಲಿಯೋ ಇಟ್ಟು ಮರೆತನೆಂದು ಭಾವಿಸೋಣ. ಪುಸ್ತಕ ಅವನ ಕೈಯಲ್ಲಿಯೂ ಇಲ್ಲ, ಕಪಾಟಿನಲ್ಲಿಯೂ ಇಲ್ಲ. ದಾಖಲೆಯಲ್ಲಿ ಮಾತ್ರ 'ಕೊಟ್ಟಿದೆ' ಎಂದಿದೆ. ಇಂಥ ಮರೆವು ದಿನವೂ ನಡೆದರೆ ಒಂದು ದಿನ ಕಪಾಟುಗಳೆಲ್ಲ ಬರಿದಾಗುವುವು. ಗಣಕಯಂತ್ರದಲ್ಲಿ ಇದಕ್ಕೆ 'ಮೆಮೊರಿ ಲೀಕ್', ಎಂದರೆ ಸ್ಮೃತಿಯ ಸೋರಿಕೆ, ಎಂದು ಹೆಸರು.

ಸಾಮಾನ್ಯ ಪ್ರೋಗ್ರಾಮೊಂದು ಹೀಗೆ ಮರೆತರೆ ಹಾನಿ ಅಲ್ಪ. ಅದು ಮುಗಿದೊಡನೆ, ಅದು ಪಡೆದಿದ್ದ ಸ್ಮೃತಿಯನ್ನು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಕರ್ನಲ್ಲೇ ಮರೆತರೆ ವಸೂಲು ಮಾಡುವವರಾರು? ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸುವ ತನಕ ಆ ಸ್ಮೃತಿ ಯಾರಿಗೂ ದಕ್ಕದು. ಲಿನಕ್ಸಿನಲ್ಲಿ ಉಪಕರಣಗಳನ್ನು ನಡೆಸುವ ಡ್ರೈವರುಗಳಲ್ಲಿ ಬಹುಪಾಲು ಕರ್ನಲ್ಲಿನ ಒಳಗೇ ಕೆಲಸ ಮಾಡುವುದರಿಂದ ಅವುಗಳ ಮರೆವೂ ಅಷ್ಟೇ ಅಪಾಯಕರ.

2019ರಲ್ಲಿ ಪ್ರಕಟವಾದ ಒಂದು ದೋಷವನ್ನು ನೋಡೋಣ. ಅದರ ಸಂಖ್ಯೆ ಸಿವಿಇ-2019-19052. ಮೋಟಾರು ವಾಹನಗಳಲ್ಲಿ ಬಳಸುವ 'ಕ್ಯಾನ್' ಎಂಬ ಸಂಪರ್ಕಜಾಲವನ್ನು ಯುಎಸ್‌ಬಿ ಮೂಲಕ ಗಣಕಕ್ಕೆ ಜೋಡಿಸುವ ಉಪಕರಣಗಳುಂಟು. ಅಂಥವುಗಳ ಒಂದು ಡ್ರೈವರಿನಲ್ಲಿ ಈ ದೋಷವಿತ್ತು. ಡ್ರೈವರು ಮೊದಲು 'ಯುಆರ್‌ಬಿ' ಎಂಬ ಕೋರಿಕೆಯ ಚೀಟಿಗಳನ್ನು ಸಿದ್ಧಪಡಿಸಿ ಒಂದೊಂದಾಗಿ ಸಲ್ಲಿಸುತ್ತದೆ. ಪ್ರತಿ ಚೀಟಿಯನ್ನು ಎಷ್ಟು ಮಂದಿ ಹಿಡಿದಿದ್ದಾರೆಂಬ ಎಣಿಕೆ ಇರುತ್ತದೆ. ಎಣಿಕೆ ಸೊನ್ನೆಯಾದಾಗಲೇ ಅದರ ಸ್ಮೃತಿ ಬಿಡುಗಡೆಯಾಗುವುದು. ಸಲ್ಲಿಕೆ ಸಫಲವಾದರೆ ಡ್ರೈವರು ತನ್ನ ಹಿಡಿತವನ್ನು ಬಿಡುತ್ತಿತ್ತು. ವಿಫಲವಾದರೆ ಚೀಟಿಯನ್ನು ಪಟ್ಟಿಯಿಂದ ತೆಗೆದು ಹೊರಬೀಳುತ್ತಿತ್ತು. ತನ್ನ ಹಿಡಿತವನ್ನು ಬಿಡಲು ಮರೆಯುತ್ತಿತ್ತು. ಎಣಿಕೆ ಒಂದರಲ್ಲೇ ನಿಂತು, ಆ ಸ್ಮೃತಿ ನಷ್ಟವಾಗುತ್ತಿತ್ತು.

ಒಂದು ಚೀಟಿ ಹೋದರೆ ಯಂತ್ರ ಬಡವಾಗದು. ಆದರೆ ದುರುದ್ದೇಶವುಳ್ಳವನು ಈ ವಿಫಲತೆಯನ್ನು ಬೇಕೆಂದೇ ಮತ್ತೆ ಮತ್ತೆ ಉಂಟುಮಾಡಿದರೆ ಸ್ಮೃತಿಯೆಲ್ಲ ತೀರಿ ಯಂತ್ರ ಸ್ತಬ್ಧವಾಗಬಹುದು. ಇಲ್ಲಿ ಗುಟ್ಟು ಕಳವಾಗುವುದಿಲ್ಲ, ಸೇವೆ ನಿಲ್ಲುತ್ತದೆ. ಆದುದರಿಂದಲೇ ಇದು ಕೇವಲ ತಪ್ಪಲ್ಲ, ಭದ್ರತೆಯ ದೋಷ.

5.3.11ನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಹಿಡಿತ ಬಿಡುವ ಒಂದೇ ಸಾಲನ್ನು ಸೇರಿಸಿದರೆ ಸಾಕಾಯಿತು!

ಇಷ್ಟು ಸಣ್ಣ ತಪ್ಪು ಕಣ್ಣಿಗೆ ಬೀಳದಿರಲು ಕಾರಣವೇನು? ಕೆಲಸ ಕೈಗೂಡುವ ದಾರಿಯಲ್ಲಿ ಯಂತ್ರ ನಿತ್ಯವೂ ನಡೆಯುತ್ತದೆ. ಕೆಡುವ ದಾರಿಯಲ್ಲಿ ನಡೆಯುವುದು ಅಪರೂಪ. ಅಲ್ಲಿನ ಮರೆವು ಪರೀಕ್ಷೆಗೆ ಸಿಕ್ಕುವುದೂ ಅಪರೂಪ. ಇಂಥ ಸೋರಿಕೆಗಳನ್ನು ಹುಡುಕಲು 2009ರಲ್ಲಿಯೇ 'ಕೆಮೆಮ್‌ಲೀಕ್' ಎಂಬ ಸಾಧನ ಲಿನಕ್ಸಿಗೆ ಸೇರಿತು. ಆದರೂ ಕೆಲಸ ಕೆಟ್ಟಾಗ ಪಡೆದುದನ್ನು ಹಿಂತಿರುಗಿಸುವ ಹೊಣೆ ಬರೆಯುವವನದೇ.