ಕಿರುಯೋಧರ ನೆರಳು

ಪ್ರಶ್ನೆ: ವಾರ್‌ಹ್ಯಾಮರ್ ಆಟದ ಪುಟ್ಟ ಯೋಧರಿಗೆ ಬಣ್ಣ ಬಳಿದ ಮೇಲೆ ನೀರಾದ ಕಪ್ಪುಬಣ್ಣವನ್ನು ಮೈತುಂಬ ಸವರುತ್ತಾರೆ. ಇದರಿಂದ ಬೊಂಬೆ ಮಸುಕಾಗದೆ ವಿವರಗಳು ಎದ್ದು ಕಾಣುವುದೇಕೆ?

ಇಂಗ್ಲೆಂಡಿನಲ್ಲಿ 1983ರಲ್ಲಿ ಮೊದಲು ಪ್ರಕಟವಾದ ಈ ಕಲ್ಪನಾಯುದ್ಧದ ಆಟದಲ್ಲಿ ಸಾಮಾನ್ಯ ಯೋಧನ ಎತ್ತರ ಸುಮಾರು 28 ಮಿಲಿಮೀಟರ್ ಮಾತ್ರವಾದುದರಿಂದ, ಅವನ ಕವಚದ ಸಂದುಗಳಲ್ಲಿಯೂ ಮೇಲಂಗಿಯ ಮಡಿಕೆಗಳಲ್ಲಿಯೂ ಬೀಳುವ ಸಹಜಚ್ಛಾಯೆಯು ಕಣ್ಣಿಗೆ ಗೋಚರಿಸುವಷ್ಟು ಗಾಢವಾಗಿರದು. ಅದನ್ನು ಚಿತ್ರಕಾರನೇ ಒದಗಿಸಬೇಕಾಗುತ್ತದೆ.

ಅಂಗಳದ ಕಲ್ಲುಹಾಸನ್ನು ತೊಳೆದಾಗ ಚಪ್ಪಡಿಗಳ ಬೆನ್ನು ಬೇಗನೆ ಬರಿದಾಗಿ ಸಂದುಗಳಲ್ಲಿ ನೀರು ನಿಲ್ಲುವಂತೆ, ಸೂಕ್ಷ್ಮ ವರ್ಣಕಣಗಳನ್ನು ಹೊತ್ತ ಈ ದ್ರವವೂ ಉಬ್ಬುಗಳಿಂದ ಜಾರಿ ತಗ್ಗುಗಳನ್ನು ಸೇರುವುದು. ಆದರೆ ಇಷ್ಟು ಕಿರಿದಾದ ಎಡೆಗಳಲ್ಲಿ ಅದನ್ನು ಎಳೆದು ಹಿಡಿದಿಡುವುದು ಭಾರಕ್ಕಿಂತ ಹೆಚ್ಚಾಗಿ ದ್ರವದ ಮೇಲ್ಮೈ ಎಳೆತ. ನೀರು ಆವಿಯಾದ ಬಳಿಕ, ದ್ರವವು ಆಳವಾಗಿ ನಿಂತೆಡೆಯಲ್ಲಿ ಕಣಗಳು ದಟ್ಟವಾಗಿಯೂ, ಉಬ್ಬಿನ ಮೇಲೆ ವಿರಳವಾಗಿಯೂ ಉಳಿಯುತ್ತವೆ. ಸರಪಣಿಕವಚದ ಒಂದೊಂದೇ ಕೊಂಡಿಯು ಹೀಗೆ ಬೇರ್ಪಟ್ಟು ಮೇಲೆದ್ದು ಬರುವುದನ್ನು ನೋಡುವುದಕ್ಕಿಂತ ಆನಂದಕರವಾದ ಗಳಿಗೆ ಈ ಕಲೆಯಲ್ಲಿ ಬೇರೊಂದಿಲ್ಲವೆಂದು ನನ್ನ ಭಾವನೆ.

ಗುರಾಣಿಯಂಥ ಸಮತಲದ ಮೇಲೆ ಮಾತ್ರ ಎಚ್ಚರ ಬೇಕು: ಅಲ್ಲಿ ನಿಂತ ಹನಿಯು ಅಂಚಿನಲ್ಲಿ ಬೇಗ ಆರುತ್ತ ಕಣಗಳನ್ನು ಅತ್ತಲೇ ಸೆಳೆದು ಉಂಗುರದಂತಹ ಕಲೆಯನ್ನುಳಿಸುವುದರಿಂದ, ಒಣಗುವ ಮುನ್ನವೇ ಅದನ್ನು ಆರಿದ ಕುಂಚದ ತುದಿಯಿಂದ ಹೀರಿ ತೆಗೆಯತಕ್ಕದ್ದು.