ನಾಯಿಮರಿಗೂ ಹುಳದ ಮದ್ದು

ಮಕ್ಕಳೇ, ಶಾಲೆಯಲ್ಲಿ ನೀವು ಹುಳದ ಮಾತ್ರೆ ತಿಂದಿರುವಿರಲ್ಲವೇ? ನಮ್ಮ ದೇಶದಲ್ಲಿ 2015ರಿಂದ ಇದಕ್ಕಾಗಿಯೇ ದಿನವನ್ನು ಗೊತ್ತುಮಾಡಿ ಶಾಲೆ, ಅಂಗನವಾಡಿಗಳಲ್ಲಿ ಈ ಮಾತ್ರೆಯನ್ನು ಕೊಡುತ್ತಾರೆ. ನಿಮ್ಮೊಡನೆ ಅಂಗಳದಲ್ಲಿ ಆಡುವ ನಾಯಿಮರಿಗೂ ಬೆಕ್ಕಿನ ಮರಿಗೂ ಇಂತಹ ಮದ್ದು ಬೇಕು.

ಇನ್ನೂ ಹಾಲು ಕುಡಿಯುವ ನಾಯಿಮರಿಯ ಹೊಟ್ಟೆಯಲ್ಲೂ ಹುಳುಗಳಿರುತ್ತವೆ. ಅವು ಎಲ್ಲಿಂದ ಬಂದವು? ತಾಯಿಯಿಂದ. ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲಿಯೇ ನಾಯಿಮರಿಯ ದೇಹವನ್ನು ಸೇರುತ್ತವೆ. ತಾಯಿಯ ಹಾಲಿನ ಮೂಲಕವೂ ಬರುತ್ತವೆ. ಬೆಳೆದ ದುಂಡುಹುಳು ಶ್ಯಾವಿಗೆಯಂತೆ ಬೆಳ್ಳಗೆ, ಉದ್ದವಾಗಿರುತ್ತದೆ. ಅದು ಮರಿಗೆ ಸೇರಬೇಕಾದ ಆಹಾರವನ್ನು ಕಬಳಿಸುತ್ತದೆ. ಮರಿಯ ಹೊಟ್ಟೆ ಉಬ್ಬುತ್ತದೆ, ಮೈ ಬಡಕಲಾಗುತ್ತದೆ. ಕೊಕ್ಕೆಹುಳು ಇನ್ನೂ ಅಪಾಯಕಾರಿ. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆಗ ಮರಿಯ ಒಸಡು ಬಿಳಿಚಿಕೊಳ್ಳುತ್ತದೆ. ಸಕಾಲದಲ್ಲಿ ಮದ್ದು ಸಿಗದಿದ್ದರೆ ಮರಿ ಸಾಯಲೂಬಹುದು.

ಈ ಹುಳುಗಳಿಂದ ನಮಗೂ ತೊಂದರೆಯಿದೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಸುರಿಯುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಮಣ್ಣು ಬಹುಕಾಲ ತೇವವಾಗಿರುತ್ತದೆ. ನಾಯಿಯ ಮಲದೊಡನೆ ಬಿದ್ದ ಕೊಕ್ಕೆಹುಳುವಿನ ಮೊಟ್ಟೆಗಳು ಅಂತಹ ಮಣ್ಣಿನಲ್ಲಿ ಒಡೆದು ಮರಿಗಳಾಗುತ್ತವೆ. ಬರಿಗಾಲಲ್ಲಿ ನಡೆದರೆ ಅವು ನಮ್ಮ ಚರ್ಮವನ್ನು ಹೊಕ್ಕು ಹರಿದಾಡುತ್ತವೆ. ಅಂಕುಡೊಂಕಾದ ಕೆಂಪು ಗೆರೆ ಮೂಡಿ ವಿಪರೀತ ತುರಿಕೆಯಾಗುತ್ತದೆ. ದುಂಡುಹುಳುವಿನ ಮೊಟ್ಟೆಗಳು ಕೊಳೆಯಾದ ಕೈಯಿಂದ ಬಾಯಿಗೆ ಹೋದರೆ ಕಣ್ಣಿಗೂ ಹಾನಿಯಾಗಬಹುದು.

ಹಾಗೆಂದು ಮರಿಯನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಮದ್ದು ಕೊಡಿಸಿದರೆ ಸಾಕು. ಮರಿಗಳಿಗೆ ಕೊಡುವ ಪೈರಾಂಟೆಲ್ ಎಂಬ ಮದ್ದು ಹುಳುಗಳನ್ನು ಮರಗಟ್ಟಿಸುತ್ತದೆ. ಅವು ಕರುಳಿನ ಹಿಡಿತ ಬಿಟ್ಟು ಮಲದೊಡನೆ ಹೊರಬೀಳುತ್ತವೆ. ಆದರೆ ಮಣ್ಣಿನಲ್ಲಿರುವ ಮೊಟ್ಟೆಗಳನ್ನು ಮದ್ದು ನಾಶಮಾಡಲಾರದು. ಅವುಗಳಿಂದ ಮರಿಗೆ ಮತ್ತೆ ಹುಳುಬಾಧೆ ತಗಲುತ್ತದೆ. ಆದ್ದರಿಂದಲೇ ಮದ್ದನ್ನು ಮತ್ತೆ ಮತ್ತೆ ಕೊಡಬೇಕು. ನಾಯಿಮರಿಗೆ ಎರಡು ವಾರವಾದಾಗ ಮೊದಲ ಮದ್ದು. ಎರಡು ತಿಂಗಳಾಗುವವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ ಕೊಡುವುದು ವಾಡಿಕೆ.

ಮದ್ದಿನ ಪ್ರಮಾಣವನ್ನು ಮರಿಯ ತೂಕ ನೋಡಿ ನಿರ್ಧರಿಸುತ್ತಾರೆ. ನಿಮಗೆ ಕೊಟ್ಟ ಮಾತ್ರೆಯನ್ನು ಅದಕ್ಕೆ ತಿನ್ನಿಸಬಾರದು. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಒಟ್ಟು 27 ಕಿಲೋ ಇದ್ದು, ನಿಮ್ಮ ತೂಕ 24 ಕಿಲೋ ಆದರೆ ಮರಿಯ ತೂಕವೆಷ್ಟು? ಲೆಕ್ಕ ಮಾಡಿ, ಹಿರಿಯರೊಡನೆ ಮೃಗಾಸ್ಪತ್ರೆಗೆ ಹೋಗಿ ವೈದ್ಯರಿಗೆ ತಿಳಿಸಿರಿ. ಮುಂದಿನ ಮದ್ದಿನ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ. ಮರಿಯೊಡನೆ ಆಡಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ತೋಟಕ್ಕೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಿರಿ.